ಪೆನ್‌ಡ್ರೈವಿಗೆ ಚಪ್ಪಾಳೆಯೇ?

ಮುಂಬಯಿಯ ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ವಾದ್ಯಗಳು ಕಣ್ಮರೆಯಾಗುತ್ತಿವೆ. ಗಾಯಕರು ವೇದಿಕೆಗೆ ಬರುತ್ತಾರೆ, ಮೈಕಿನವನು ಗುಂಡಿಯೊತ್ತುತ್ತಾನೆ, ಎಂದೋ ಎಲ್ಲಿಯೋ ಮುದ್ರಣಗೊಂಡ ‘ಟ್ರ್ಯಾಕ್’ ಮೊಳಗುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ಇದರ ಹೆಸರು ‘ಸಂಗೀತ ರಸಮಂಜರಿ’. ರಸವೂ ಇಲ್ಲದ, ಮಂಜರಿಯೂ ಅಲ್ಲದ ಈ ಪದ್ಧತಿಯನ್ನು ನಾವು ವಿರೋಧಿಸುತ್ತೇವೆ.

ಕಳೆದುಕೊಳ್ಳುತ್ತಿರುವುದೇನೆಂದು ತಿಳಿಯಲು ದೂರ ಹೋಗಬೇಕಿಲ್ಲ. ವಿಲೆ ಪಾರ್ಲೆಯ ದೀನಾನಾಥ ಮಂಗೇಶ್ಕರ್ ನಾಟ್ಯಗೃಹದಲ್ಲಿ ಹಳೆಯ ಚಿತ್ರಗೀತೆಗಳ ವಾದ್ಯವೃಂದವಿರುವ ದಿನ ಹೋಗಿ ಕುಳಿತರೆ ಸಾಕು. ಪರದೆಯ ಹಿಂದೆ ಶ್ರುತಿ ಕೂಡಿಸುವ ಸದ್ದಿಗೇ ಮನಸ್ಸು ಹದಗೊಳ್ಳುತ್ತದೆ. ಪಿಟೀಲಿನ ಕಮಾನುಗಳು ಒಟ್ಟಿಗೆ ಮೇಲೇಳುತ್ತವೆ. ಕೊಳಲಿನವನು ತುಟಿಗೆ ಕೊಳಲಿಟ್ಟು ತನ್ನ ಸರದಿಗೆ ಕಾದಿರುತ್ತಾನೆ. ಢೋಲಕಿನ ಮೊದಲ ಪೆಟ್ಟು ಕಿವಿಗಿಂತ ಮುಂಚೆ ಎದೆಗೆ ತಾಗುತ್ತದೆ. ಗಾಯಕಿ ಭಾವಕ್ಕೊಳಗಾಗಿ ಒಂದು ಸ್ವರದಲ್ಲಿ ಕ್ಷಣಕಾಲ ನಿಂತರೆ ತಬಲಾ ಅವಳಿಗಾಗಿ ಕಾಯುತ್ತದೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ.

ಆಗ ನಮ್ಮ ಕಣ್ಣು ತೇವವಾಗುವುದಕ್ಕೆ ಹಳೆಯ ನೆನಪೊಂದೇ ಕಾರಣವೆನ್ನುವವರಿದ್ದಾರೆ. ನೆನಪನ್ನು ಕೈಯಲ್ಲಿರುವ ಮೊಬೈಲೂ ಕೆದಕಬಲ್ಲದು. ಸಭಾಂಗಣದಲ್ಲಿ ನಡೆಯುವುದು ಬೇರೆ: ಇಷ್ಟು ಮಂದಿ ಒಬ್ಬರನ್ನೊಬ್ಬರು ಆಲಿಸುತ್ತಿದ್ದಾರೆ, ಯಾರೊಬ್ಬರು ತಪ್ಪಿದರೂ ಹಾಡು ಕುಸಿದೀತು, ಆದರೂ ಕುಸಿಯುತ್ತಿಲ್ಲ. ಆ ಆತಂಕ ಮತ್ತು ನೆಮ್ಮದಿಗಳೆರಡರಲ್ಲಿಯೂ ನಾವು ಪಾಲುದಾರರು.

ಈ ನಗರದ ಚಿತ್ರಸಂಗೀತವನ್ನು ಕಟ್ಟಿದವರಲ್ಲಿ ಹೆಸರಿಲ್ಲದ ಗೋವೆಯ ವಾದಕರು ಅನೇಕರು. ಅವರಲ್ಲೊಬ್ಬರಾದ ಆಂಥೊನಿ ಗೊನ್ಸಾಲ್ವಿಸ್ 1958ರಲ್ಲಿ ಇಲ್ಲಿಯೇ ‘ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ’ ಕಟ್ಟಿ, ಲತಾ ಮಂಗೇಶ್ಕರ್ ಹಾಗೂ ಮನ್ನಾ ಡೇ ಅವರನ್ನು ಅದರೊಡನೆ ಹಾಡಿಸಿದರು. ಶಿಷ್ಯ ಪ್ಯಾರೇಲಾಲ್ 1977ರ ‘ಅಮರ್ ಅಕ್ಬರ್ ಆಂಥೊನಿ’ಯ ಹಾಡಿನಲ್ಲಿ ಗುರುವಿನ ಹೆಸರನ್ನು ಉಳಿಸಿದರು. ಮುಂದೆ ಸಿಂಥಸೈಸರ್ ಬಂದು ಸ್ಟುಡಿಯೋದ ವಾದಕರ ಕೆಲಸ ಕಸಿಯಿತು. ಅವರಿಗೆ ಉಳಿದದ್ದು ವೇದಿಕೆ. ಅದನ್ನೂ ಕಸಿಯುವ ಕೆಲಸವನ್ನು ಈಗ ನಾವೇ ಮಾಡುತ್ತಿದ್ದೇವೆ.

ವಾದ್ಯವೃಂದ ನಮ್ಮ ಸಂಪ್ರದಾಯವಲ್ಲವೆಂಬ ಮಾತೂ ಸಲ್ಲದು. ಮೈಸೂರಿನ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಅಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಅವರ ನೆರವಿನಿಂದ. ಕನ್ನಡನಾಡಿನ ದೊರೆ ದೂರದೇಶದ ವಾದಕರಿಗೆ ನೀಡಿದ ಆಸರೆಯನ್ನು ನಾವು ಪಕ್ಕದ ಬೀದಿಯ ವಾದಕನಿಗೆ ನೀಡಲಾರೆವೆ?

ಖರ್ಚು ಹೆಚ್ಚೆಂಬುದು ಪದಾಧಿಕಾರಿಗಳ ಕೊನೆಯ ಅಸ್ತ್ರ. ವಾದಕರ ಸಂಭಾವನೆ ಹಗುರವಲ್ಲ, ನಿಜ. ಆದರೆ ಅದೇ ಸಂಜೆ ಹತ್ತಾರು ಶಾಲು, ಹಾರ, ಫಲಪುಷ್ಪ, ಸ್ಮರಣಿಕೆಗಳಿಗೆ ಹಣ ಒದಗುತ್ತದೆ. ಅತಿಥಿಗಳ ಭಾಷಣಗಳಿಗೆ ಬಾಡಿಗೆಯ ಸಭಾಂಗಣದ ಒಂದೂವರೆ ಗಂಟೆ ಒದಗುತ್ತದೆ. ಸನ್ಮಾನಗಳನ್ನು ಅರ್ಧಕ್ಕಿಳಿಸಿರಿ. ಉಳಿದ ಹಣದಲ್ಲಿ ಎರಡು ಪಿಟೀಲು, ಒಂದು ಕೊಳಲು, ಒಂದು ತಬಲಾ ಬರಲಿ. ಹಾಡುಗಳು ಇಪ್ಪತ್ತರ ಬದಲು ಎಂಟಾಗಲಿ. ವಾದಕರ ಹೆಸರುಗಳೂ ಆಮಂತ್ರಣದಲ್ಲಿ ಅಚ್ಚಾಗಲಿ. ಊರಿನಿಂದ ದೂರವಿರುವ ನಾವು ಸಂಘ ಕಟ್ಟಿಕೊಂಡದ್ದು ಒಟ್ಟಿಗೆ ಉಸಿರಾಡಲೆಂದು. ಉಸಿರಿಲ್ಲದ ಸಂಗೀತಕ್ಕೆ ಇನ್ನು ನಮ್ಮ ಚಪ್ಪಾಳೆಯಿಲ್ಲ.