ಗುಡ್ಡ ಹತ್ತುವ ಸೈಕಲ್: ಹೊಸತೋ, ಹಳತೋ? ಲೆಕ್ಕ ಇರುವುದು ಬ್ಯಾಟರಿಯಲ್ಲಿ

ಉಡುಪಿ: ದಪ್ಪ ಟೈರು, ಮುಂಗಡೆ ಶಾಕ್ ಅಬ್ಸಾರ್ಬರ್, ಚೌಕಟ್ಟಿನ ಕೊಳವೆಗೆ ಅಂಟಿಕೊಂಡ ಬ್ಯಾಟರಿ. ಮೌಂಟನ್ ಬೈಕ್ ರೂಪದ ವಿದ್ಯುತ್ ಸೈಕಲ್ ಕರಾವಳಿಯ ಪೇಟೆಗಳಿಗೆ ಈಗ ಹೊಸತೇನಲ್ಲ. ಹೀರೋ ಲೆಕ್ಟ್ರೊ, ಇಮೋಟೊರಾಡ್, ಟಾಟಾ ಸಮೂಹದ ಸ್ಟ್ರೈಡರ್ ಮೊದಲಾದ ದೇಶೀಯ ಹೆಸರುಗಳ ಮಾದರಿಗಳು ಸುಮಾರು 30 ಸಾವಿರ ರೂ.ಗಳಿಂದ 60 ಸಾವಿರ ರೂ.ಗಳ ಆಸುಪಾಸಿನಲ್ಲಿ ದೊರೆಯುತ್ತವೆ. ಅದರ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ, ಬಳಸಿದ ಸೈಕಲ್ಲೂ ಸಿಗುತ್ತದೆ. ವರ್ಷವರ್ಷವೂ ಕೋರ್ಸು ಮುಗಿಸಿ ಹೊರಡುವ ವಿದ್ಯಾರ್ಥಿಗಳಿರುವ ಮಣಿಪಾಲದಂತಹ ಊರಿನಲ್ಲಿ ಮಾರುವವರಿಗೆ ಬರವಿಲ್ಲ.

ಆದರೆ ಬಳಸಿದ ಸ್ಕೂಟರ್ ಕೊಳ್ಳುವುದಕ್ಕೂ ಬಳಸಿದ ಇ-ಸೈಕಲ್ ಕೊಳ್ಳುವುದಕ್ಕೂ ಅಜಗಜಾಂತರವಿದೆ. ಸ್ಕೂಟರಿಗೆ ಆರ್‌ಸಿ ಇರುತ್ತದೆ, ವಿಮೆ ಇರುತ್ತದೆ, ಹೆಸರು ಬದಲಾವಣೆಗೆ ಆರ್‌ಟಿಒ ಕಚೇರಿ ಇದೆ. ಇ-ಸೈಕಲ್ಲಿಗೆ ಇವು ಯಾವುವೂ ಇಲ್ಲ. ಇಲ್ಲದಿರುವುದೇ ಅದರ ಆಕರ್ಷಣೆ; ಮೋಸ ಹೋಗುವುದಕ್ಕೂ ಅದೇ ದಾರಿ.

ಕಾನೂನು ಎಲ್ಲಿಯವರೆಗೆ ಸೈಕಲ್ ಎನ್ನುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿ.ಮೀ. ಮಿತಿಯೊಳಗಿದ್ದರೆ ಅದು ಮೋಟಾರು ವಾಹನವಲ್ಲ. ಪೆಡಲಿಗೆ ನೆರವಾಗುವ ಸೈಕಲ್ಲಾದರೆ, ಸವಾರ ತುಳಿಯುವುದನ್ನು ನಿಲ್ಲಿಸಿದಾಗ ಅಥವಾ ವೇಗ 25 ಕಿ.ಮೀ. ಮುಟ್ಟಿದಾಗ ಮೋಟಾರು ಕೈಬಿಡಬೇಕು. ಸರಿಯಾದ ಬ್ರೇಕು, ಮುಂದೆ ಬಿಳಿ ಹಾಗೂ ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಈ ಅಂಶಗಳನ್ನು ಪುಣೆಯ ಎಆರ್‌ಎಐಯಂತಹ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢೀಕರಿಸಿರಬೇಕು. ಇಷ್ಟಿದ್ದರೆ ಲೈಸೆನ್ಸ್ ಬೇಡ, ನೋಂದಣಿ ಬೇಡ, ವಿಮೆ ಬೇಡ. ಅಂಗಡಿಯವರು ನಗುನಗುತ್ತ ಹೇಳುವ ಮಾತು ಇದೇ. ಪರೀಕ್ಷಾ ಸಂಸ್ಥೆಯ ದೃಢೀಕರಣದ ಪ್ರತಿಯನ್ನು ಕೇಳಿದರೆ ಮಾತ್ರ ನಗು ಸ್ವಲ್ಪ ಕಡಿಮೆಯಾಗುವುದುಂಟು. ಕೇಳಲೇಬೇಕು.

ಬಳಸಿದ ಸೈಕಲ್ಲಿನಲ್ಲಿ ಇದು ಇನ್ನೂ ಸೂಕ್ಷ್ಮ. ಅನೇಕ ಮಾದರಿಗಳಲ್ಲಿ ವೇಗದ ಮಿತಿಯನ್ನು ಹ್ಯಾಂಡಲ್ ಮೇಲಿನ ಪರದೆಯ ಸೆಟ್ಟಿಂಗ್‌ನಲ್ಲೇ ಬದಲಿಸಬಹುದು. ಕೆಲವರು ಕಂಟ್ರೋಲರನ್ನೇ ಬದಲಿಸಿ 35-40 ಕಿ.ಮೀ. ವೇಗ ಪಡೆಯುತ್ತಾರೆ. ಜಾಹೀರಾತಿನಲ್ಲಿ ಅದು ಹೆಚ್ಚುವರಿ ಗುಣವಾಗಿ ಕಾಣಿಸಿಕೊಳ್ಳುತ್ತದೆ. ವಾಸ್ತವದಲ್ಲಿ ಆ ಕ್ಷಣದಿಂದ ಅದು ನೋಂದಣಿಯಿಲ್ಲದ, ಮೂರನೇ ವ್ಯಕ್ತಿಯ ವಿಮೆಯಿಲ್ಲದ ಮೋಟಾರು ವಾಹನ. ಪಾದಚಾರಿಯೊಬ್ಬರಿಗೆ ಢಿಕ್ಕಿಯಾದರೆ ಪರಿಹಾರ ಕೊಡಬೇಕಾದದ್ದು ಸವಾರನ ಜೇಬಿನಿಂದ. ಪಿಯುಸಿ ಓದುವ ಮಗನಿಗೋ ಮಗಳಿಗೋ ಕೊಡಿಸುವ ಪೋಷಕರು ಇನ್ನೊಂದನ್ನು ಅರಿತಿರಬೇಕು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನಂತೆ, ಅಪ್ರಾಪ್ತರು ಮೋಟಾರು ವಾಹನದಲ್ಲಿ ಎಸಗುವ ಅಪರಾಧಕ್ಕೆ ಪೋಷಕರೇ ಹೊಣೆ. ಮೂರು ವರ್ಷದವರೆಗೆ ಸೆರೆವಾಸ, 25 ಸಾವಿರ ರೂ. ದಂಡ. ಮಿತಿಯೊಳಗಿನ ಇ-ಸೈಕಲ್ಲಿಗೆ ಈ ಭಯವಿಲ್ಲ. ಮಿತಿ ಕಿತ್ತುಹಾಕಿದ ಸೈಕಲ್ಲಿಗೆ ಇದೆ.

ನಿಮ್ಮ ದಾರಿ ಯಾವುದು?

'ಮೌಂಟನ್' ಎಂಬ ಹೆಸರಿಗೆ ಮರುಳಾಗುವ ಮುನ್ನ ಜಿಲ್ಲೆಯ ನೆಲವನ್ನೊಮ್ಮೆ ನೋಡಬೇಕು. ಉಡುಪಿಯಿಂದ ಕಾಪುವಿಗೆ ಹನ್ನೆರಡು-ಹದಿಮೂರು ಕಿ.ಮೀ.; ಉದ್ಯಾವರ, ಕಟಪಾಡಿ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಬಹುತೇಕ ಸಮತಟ್ಟು. ಕಾಪುವಿನ ದೀಪಸ್ತಂಭದವರೆಗೆ ಮುಂಜಾನೆಯ ಸವಾರಿಗೆ ಮೋಟಾರೇ ಬೇಡ. ಹತ್ತು-ಹದಿನೈದು ಸಾವಿರದ ಗೇರ್ ಸೈಕಲ್ ಸಾಕು ಎಂದರೆ ಯಾರೂ ಬೇಸರಿಸಬಾರದು. ಅಲ್ಲಿರುವ ಅಪಾಯ ಏರಿನದಲ್ಲ, ಪಕ್ಕದಲ್ಲೇ ಹಾದುಹೋಗುವ ಲಾರಿ-ಬಸ್ಸುಗಳದು. ದಪ್ಪ ಟೈರಿಗಿಂತ ಒಳ್ಳೆಯ ಹಿಂಬದಿ ದೀಪ ಅಲ್ಲಿ ಹೆಚ್ಚು ಉಪಯುಕ್ತ.

ಉಡುಪಿಯಿಂದ ಮಣಿಪಾಲಕ್ಕೆ ಐದು ಕಿ.ಮೀ. ಮಾತ್ರ, ಆದರೆ ಮುರಕಲ್ಲಿನ ಗುಡ್ಡದ ಮೇಲಿರುವ ಊರದು. ಇಂದ್ರಾಳಿ ದಾಟಿ ಏರುವಾಗ ಸಾದಾ ಸೈಕಲ್ ಸವಾರ ಬೆವರುತ್ತಾನೆ. ಪರ್ಕಳ ಕಡೆಯಿಂದ ಬರುವವನು ಇನ್ನೂ ಹೆಚ್ಚು. ಬೆಳಗ್ಗೆ ಒಂಬತ್ತಕ್ಕೆ ಕಚೇರಿಯಲ್ಲೋ ತರಗತಿಯಲ್ಲೋ ಒಣ ಅಂಗಿಯಲ್ಲಿ ಕೂರಬೇಕಾದವರಿಗೆ ಇ-ಸೈಕಲ್ ನಿಜಕ್ಕೂ ಪ್ರಯೋಜನಕಾರಿ. ಇಂತಹ ದಾರಿಗೆ ಹಿಂಬದಿ ಚಕ್ರದ ನಡುವೆ ಮೋಟಾರಿರುವ ಸಾಮಾನ್ಯ ಹಬ್ ಮಾದರಿ ಧಾರಾಳ ಸಾಕು.

ಕಾರ್ಕಳದ ಮಾತು ಬೇರೆ. ಉಡುಪಿಯಿಂದ ಅಲ್ಲಿಗೆ 35ರಿಂದ 40 ಕಿ.ಮೀ. ಹೋಗಿ ಬರುವುದೆಂದರೆ 36 ವೋಲ್ಟ್, 10 ಆಂಪಿಯರ್-ಅವರ್‌ನ, ಅಂದರೆ 360 ವ್ಯಾಟ್-ಅವರ್‌ನ ಬ್ಯಾಟರಿಗೆ ಮೀರಿದ ಕೆಲಸ. ಕಾರ್ಕಳದಲ್ಲಿ ಚಾರ್ಜ್ ಮಾಡಿಯೇ ಮರಳಬೇಕು. ಮೂಡಣಕ್ಕೆ ಬಜಗೋಳಿ, ಮಾಳ ದಾಟಿದರೆ ಘಾಟಿ. ಉತ್ತರಕ್ಕೆ ಹೆಬ್ರಿ, ಸೋಮೇಶ್ವರದ ಮೇಲೆ ಹದಿನಾಲ್ಕು ತಿರುವುಗಳ ಆಗುಂಬೆ.

ಒಂದು ಸಣ್ಣ ಲೆಕ್ಕ ನೋಡೋಣ. ಸವಾರ, ಸೈಕಲ್ ಸೇರಿ 95 ಕಿಲೊ ತೂಕವಿದ್ದರೆ ಅದನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 26 ವ್ಯಾಟ್-ಅವರ್ ಶಕ್ತಿ ಬೇಕು. ನಷ್ಟ ಸೇರಿಸಿದರೆ ಬ್ಯಾಟರಿಯಿಂದ 35-40. ಮಣಿಪಾಲದ ಏರು ಅದರ ಅರ್ಧದಷ್ಟೇ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಘಾಟಿಯ ಬುಡದಿಂದಲೇ ಹೊರಟರೂ ಸವಾರ ಕಾಲಾಡಿಸದಿದ್ದರೆ ಅರ್ಧಕ್ಕಿಂತ ಹೆಚ್ಚು ಬ್ಯಾಟರಿ ಖಾಲಿ. ಉಡುಪಿಯಿಂದ ಅಲ್ಲಿಯವರೆಗೆ ಬಂದದ್ದು ಪ್ರತ್ಯೇಕ. ಅದಕ್ಕಿಂತ ದೊಡ್ಡ ತೊಡಕು ಬಿಸಿಯದು. ನೂರಕ್ಕೆ ಎಂಟರ ಏರಿನಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಸಾಗಲು ಸುಮಾರು 250 ವ್ಯಾಟ್ ಬೇಕು. ಸವಾರ 100 ಕೊಟ್ಟರೆ ಉಳಿದದ್ದು ಮೋಟಾರಿನ ಪಾಲು. ಸವಾರ ದಣಿದು ವೇಗ ಇನ್ನೂ ಇಳಿದರೆ ಹಬ್ ಮೋಟಾರು ತಿರುಗುವುದಕ್ಕಿಂತ ಕಾಯುವುದೇ ಹೆಚ್ಚು. ಪೆಡಲಿನ ಬಳಿ ಮೋಟಾರು ಇರಿಸಿ ಗೇರಿನ ಮೂಲಕ ಶಕ್ತಿ ಕೊಡುವ ಬಾಷ್, ಶಿಮಾನೊದಂತಹ ಮಿಡ್-ಡ್ರೈವ್ ವ್ಯವಸ್ಥೆಗೆ ಈ ಕಷ್ಟವಿಲ್ಲ. ಯುರೋಪಿನಲ್ಲಿ ಇ-ಮೌಂಟನ್ ಬೈಕ್ ಎಂದರೆ ಅದೇ. ನಮ್ಮಲ್ಲಿ ಅಂತಹ ಆಮದು ಸೈಕಲ್ಲುಗಳ ಬೆಲೆ ಲಕ್ಷಗಳಲ್ಲಿ.

ಕಾಡಿನ ಜಾಡು ಹಿಡಿಯುವ ಆಸೆಯಿದ್ದವರಿಗೆ ಒಂದು ಮಾತು: ಘಾಟಿಯ ಬಹುಭಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನ ಹಾಗೂ ಸೋಮೇಶ್ವರ ವನ್ಯಜೀವಿ ಧಾಮದೊಳಗಿದೆ. ಡಾಂಬರು ಬಿಟ್ಟು ಇಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಮೂಗಿಗಿಂತ ಮೂಗುತಿ ಭಾರ

ಹಳೆಯ ಇ-ಸೈಕಲ್ಲಿನ ಬೆಲೆ ಕಟ್ಟುವಾಗ ಬ್ಯಾಟರಿಗೆ ಸೊನ್ನೆ ಬೆಲೆ ಹಾಕಿ ಆರಂಭಿಸುವುದು ಜಾಣತನ. ಲಿಥಿಯಂ ಅಯಾನ್ ಬ್ಯಾಟರಿ ಸಾಮಾನ್ಯವಾಗಿ 500ರಿಂದ 800 ಬಾರಿ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಗಣನೀಯವಾಗಿ ಕುಗ್ಗುತ್ತದೆ. ಬಳಸದೆ ಇಟ್ಟರೂ ಮುಪ್ಪು ತಪ್ಪದು. ಹೊಸ ಬ್ಯಾಟರಿಯ ದರ ಹೊಸ ಸೈಕಲ್ಲಿನ ದರದ ಮೂರನೇ ಒಂದರಷ್ಟಾಗುವುದು ಅಪರೂಪವಲ್ಲ. 45 ಸಾವಿರದ ಸೈಕಲ್ಲನ್ನು 20 ಸಾವಿರಕ್ಕೆ ಕೊಂಡು, ಆರು ತಿಂಗಳಲ್ಲಿ 15 ಸಾವಿರದ ಬ್ಯಾಟರಿ ಹಾಕಿಸಿದರೆ ಉಳಿದದ್ದು ಹತ್ತು ಸಾವಿರ. ಕೈತಪ್ಪಿದ್ದು ಹೊಸ ಸೈಕಲ್ಲಿನ ವಾರಂಟಿ. ಆ ಮಾದರಿಯ ತಯಾರಿಕೆಯೇ ನಿಂತಿದ್ದರೆ, ಕೊಳವೆಯ ಆಕಾರಕ್ಕೆ ಹೊಂದುವ ಬ್ಯಾಟರಿ ಸಿಗದೆ ಇಡೀ ಸೈಕಲ್ ಗುಜರಿಯ ದಾರಿ ಹಿಡಿಯುತ್ತದೆ.

ಪರೀಕ್ಷಿಸುವುದು ಕಷ್ಟವೇನಲ್ಲ. ಮೊದಲೇ ಪೂರ್ತಿ ಚಾರ್ಜ್ ಮಾಡಿಡಲು ಹೇಳಿ, ಎಲೆಕ್ಟ್ರಿಷಿಯನ್‌ಗಳು ಬಳಸುವ ಮಲ್ಟಿಮೀಟರ್ ಒಯ್ಯಿರಿ. 36 ವೋಲ್ಟಿನ ಬ್ಯಾಟರಿ ತುಂಬಿದಾಗ 42 ವೋಲ್ಟಿನ ಹತ್ತಿರ ತೋರಿಸಬೇಕು. 48 ವೋಲ್ಟಿನದಾದರೆ 54.6ರ ಹತ್ತಿರ. ಸಾಕಷ್ಟು ಕಡಿಮೆಯಿದ್ದರೆ ಒಳಗಿನ ಯಾವುದೋ ಕೋಶ ಸತ್ತಿದೆ ಅಥವಾ ಚಾರ್ಜರ್ ಸರಿಯಿಲ್ಲ. ಸರಿಯಿದ್ದರೂ ಅಲ್ಲಿಗೇ ನಿಲ್ಲಬಾರದು. ನೆರವನ್ನು ಗರಿಷ್ಠ ಮಟ್ಟಕ್ಕೆ ಇಟ್ಟು ಒಂದು ಗಟ್ಟಿ ಏರು ಹತ್ತಿಸಬೇಕು. ಮಣಿಪಾಲದಲ್ಲಿ ಅದಕ್ಕೆ ಕೊರತೆಯಿಲ್ಲ. ಏರಿನಲ್ಲಿ ಪರದೆಯ ಐದು ಗೆರೆ ಥಟ್ಟನೆ ಒಂದಕ್ಕೆ ಇಳಿದು, ಸಮತಟ್ಟಿಗೆ ಬಂದಾಗ ಮತ್ತೆ ನಾಲ್ಕಾದರೆ ಬ್ಯಾಟರಿ ಮುದಿಯಾಗಿದೆ ಎಂದೇ ಅರ್ಥ. ನಡುದಾರಿಯಲ್ಲಿ ಪೂರ್ತಿ ಆರಿಹೋದರೆ ಚೌಕಾಸಿಗೆ ಕೂರದೆ ಮನೆಗೆ ಮರಳಬಹುದು.

ಬಿಲ್ಲು, ಮೂಲ ಚಾರ್ಜರ್, ಬ್ಯಾಟರಿಯ ಕೀಲಿಕೈ - ಈ ಮೂರರಲ್ಲಿ ಒಂದಿಲ್ಲದಿದ್ದರೂ ಅನುಮಾನಿಸಬೇಕು. ನೋಂದಣಿಯಿಲ್ಲದ ವಸ್ತುವಿಗೆ ಬಿಲ್ಲಿನ ಮೇಲಿರುವ ಚೌಕಟ್ಟಿನ ಸಂಖ್ಯೆಯೇ ಒಡೆತನದ ಸಾಕ್ಷಿ. ಕದ್ದ ಸೈಕಲ್ ಕೊಂಡವನು ಅದನ್ನೂ ಕಳೆದುಕೊಳ್ಳುತ್ತಾನೆ, ಠಾಣೆಗೂ ಅಲೆಯುತ್ತಾನೆ. ಒಂದು ಕಾಗದದಲ್ಲಿ ಸಂಖ್ಯೆ ಬರೆದು ಮಾರುವವರ ಸಹಿ ಪಡೆಯುವುದಕ್ಕೆ ಐದು ನಿಮಿಷ ಸಾಕು.

ಒಳಗಿನ ಕೋಶ ಬದಲಿಸಿ 'ರಿಪೇರಿ' ಮಾಡಿದ ಬ್ಯಾಟರಿಯ ವಿಷಯದಲ್ಲಿ ಕಠಿಣವಾಗಿರುವುದೇ ಲೇಸು. ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಪ್ರಕರಣಗಳ ಬಳಿಕ ಕೇಂದ್ರ ಸರಕಾರ 2022ರಲ್ಲಿ ಎಐಎಸ್ 156 ಎಂಬ ಬ್ಯಾಟರಿ ಮಾನದಂಡವನ್ನು ಬಿಗಿಗೊಳಿಸಿತು. ಅದು ನೋಂದಣಿಯಾಗುವ ವಾಹನಗಳಿಗೆ ಸಂಬಂಧಿಸಿದ್ದು. ಮೋಟಾರು ವಾಹನವೇ ಅಲ್ಲದ ಇ-ಸೈಕಲ್ಲು ಅದರ ಹೊರಗೆ ಉಳಿಯಿತು. ಮನೆಯ ಹಜಾರದಲ್ಲಿ, ಹಾಸ್ಟೆಲಿನ ಮಂಚದಡಿಯಲ್ಲಿ ರಾತ್ರಿಯಿಡೀ ಚಾರ್ಜ್ ಆಗುವ ವಸ್ತುವಿಗೆ ಇಂತಹ ಸಡಿಲಿಕೆ ಏಕೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಸಾಲುಸಾಲು ಬೆಂಕಿ ಅನಾಹುತ ಕಂಡ ನ್ಯೂಯಾರ್ಕ್ ನಗರ 2023ರಲ್ಲಿ ಪ್ರಮಾಣೀಕರಣವಿಲ್ಲದ ಇ-ಸೈಕಲ್ಲಿನ ಮಾರಾಟವನ್ನೂ, ಹಳೆಯ ಕೋಶಗಳಿಂದ ಮರುಜೋಡಿಸಿದ ಬ್ಯಾಟರಿಗಳ ಮಾರಾಟವನ್ನೂ ನಿಷೇಧಿಸಿತು. ನಮ್ಮಲ್ಲಿ ಸದ್ಯಕ್ಕೆ ಎಚ್ಚರ ವಹಿಸಬೇಕಾದವನು ಗ್ರಾಹಕನೇ.

ಗಲ್ಫಿನಿಂದ ತರುವವರಿಗೆ

ಮನೆಗೊಬ್ಬರು ದುಬೈಯಲ್ಲೋ ದೋಹಾದಲ್ಲೋ ಇರುವ ಜಿಲ್ಲೆಯಿದು. ಅಲ್ಲಿನ ಬಳಸಿದ ಸೈಕಲ್ಲನ್ನು ಊರಿಗೆ ತರುವ ಯೋಚನೆ ಸಹಜ. ಆದರೆ 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದಲ್ಲಿ ಕೈಚೀಲದಲ್ಲಾಗಲಿ ಲಗೇಜಿನಲ್ಲಾಗಲಿ ಒಯ್ಯುವಂತಿಲ್ಲ. ಇ-ಸೈಕಲ್ಲಿನ ಬ್ಯಾಟರಿ ಅದರ ಎರಡು ಪಟ್ಟಿಗೂ ಹೆಚ್ಚು. ಬ್ಯಾಟರಿ ಬಿಟ್ಟು ಬಂದ ಸೈಕಲ್ ಮಂಗಳೂರು ವಿಮಾನ ನಿಲ್ದಾಣದಿಂದ ಮನೆಗೆ ಬರುವುದು ಬರಿಯ ಭಾರವಾದ ಸೈಕಲ್ಲಾಗಿ. ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸುವವರಿಗೂ ಬ್ಯಾಟರಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ ಎಂಬುದು ನೆನಪಿರಲಿ.

ಉಪ್ಪು, ಮಳೆ, ತೆರಿಗೆ

ಕಡಲತಡಿಯಲ್ಲಿ ಓಡಿದ ಸೈಕಲ್ಲಿನ ಆಯುಷ್ಯ ಬೇರೆಯೇ. ಕಾಪು, ಪಡುಬಿದ್ರಿ, ಮಲ್ಪೆಯ ಉಪ್ಪುಗಾಳಿ ಸರಪಳಿಯನ್ನು ಮಾತ್ರವಲ್ಲ, ಬ್ಯಾಟರಿಯ ಸಂಪರ್ಕ ಕಡ್ಡಿಗಳನ್ನೂ ತಿನ್ನುತ್ತದೆ. ಬ್ಯಾಟರಿ ಹೊರತೆಗೆದು ಅವುಗಳ ಮೇಲೆ ಹಸಿರು ಪದರ ಕಟ್ಟಿದೆಯೇ ನೋಡಬೇಕು. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ ಬೀಳುವ ಜಿಲ್ಲೆಯಲ್ಲಿ ಜಾಹೀರಾತಿನ 'ವಾಟರ್‌ಪ್ರೂಫ್' ಎಂಬ ಮಾತಿಗೆ ಬೆಲೆಯಿಲ್ಲ. ಐಪಿ ಸಂಖ್ಯೆ ಕೇಳಬೇಕು. ಐಪಿ 54 ಎಂದರೆ ನೀರಿನ ಎರಚಲು ತಡೆಯುತ್ತದೆ, ಮುಳುಗಿದರೆ ತಡೆಯದು. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರೂ ಅದಕ್ಕೆ ಶತ್ರುವೇ.

ಸರಕಾರದ ನೆರವಿನ ನಿರೀಕ್ಷೆ ಬೇಡ. 2024ರ ಮಾರ್ಚ್ 31ಕ್ಕೆ ಮುಗಿದ ಫೇಮ್-2 ಯೋಜನೆಯ ಸಹಾಯಧನ ನೋಂದಣಿಯಾಗುವ ದ್ವಿಚಕ್ರ ವಾಹನಗಳಿಗಿತ್ತು. ಅದೇ ಅಕ್ಟೋಬರಿನಲ್ಲಿ ಬಂದ ಪಿ.ಎಂ. ಇ-ಡ್ರೈವ್ ಯೋಜನೆಯೂ ಇ-ಸೈಕಲ್ಲುಗಳನ್ನು ಸೇರಿಸಿಕೊಳ್ಳಲಿಲ್ಲ. ಜಿಎಸ್‌ಟಿ ಶೇ. 5. ಸಾದಾ ಸೈಕಲ್ಲಿನ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದ ಕಾರಣ ಈಗ ಎರಡೂ ಸಮ.

ಹೀಗೆ ನೋಡಿದರೆ, ದಿನನಿತ್ಯ ಮಣಿಪಾಲ-ಉಡುಪಿ ನಡುವೆ ಓಡಾಡುವ ಮೊದಲ ಗ್ರಾಹಕನಿಗೆ ಹೊಸ ಹಬ್ ಮೋಟಾರಿನ ಸೈಕಲ್ಲೇ ಸೂಕ್ತ. ಉಡುಪಿ ಅಥವಾ ಮಂಗಳೂರಿನಲ್ಲಿ ಸರ್ವಿಸ್ ಕೊಡುವ ಕಂಪನಿಯದಾಗಿರಬೇಕು, ಬ್ಯಾಟರಿ ಕಳಚುವಂತಿರಬೇಕು, ಡಿಸ್ಕ್ ಬ್ರೇಕ್ ಇರಬೇಕು. ಹಿಂದಿನ ಶಾಕ್ ಅಬ್ಸಾರ್ಬರಿಗೆಂದು ಹೆಚ್ಚು ಹಣ ತೆರುವುದು ವ್ಯರ್ಥ. ಅಗ್ಗದ ಸೈಕಲ್ಲಿನಲ್ಲಿ ಅದು ತೂಕ ಹೆಚ್ಚಿಸುವುದಷ್ಟೇ. ಕಾರ್ಕಳದಾಚೆಯ ಘಾಟಿಗೇ ಬೇಕೆನ್ನುವವರು ಮಿಡ್-ಡ್ರೈವ್‌ಗೆ ಹಣ ಕೂಡಿಡಬೇಕು. ಹಳತು ಕೊಳ್ಳುವುದಾದರೆ ಎರಡು ವರ್ಷ ಮೀರದ, ಬ್ಯಾಟರಿ ಇನ್ನೂ ಮಾರುಕಟ್ಟೆಯಲ್ಲಿರುವ ಮಾದರಿಯನ್ನು, ಬ್ಯಾಟರಿಯ ದರ ಕಳೆದು ಉಳಿದ ಬೆಲೆಗೆ ಮಾತ್ರ.

ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಡಿ ಅದನ್ನು ಮರಳಿ ಸಂಗ್ರಹಿಸುವ ಹೊಣೆ ಉತ್ಪಾದಕರದು. ಯಾರು, ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಬೇಕು.

ಹಳೆಯ ಸೈಕಲ್ ಹುಡುಕುವವರಿಗೆ ಸಮಯವೂ ಮುಖ್ಯ. ಮೇ, ಜೂನ್‌ನಲ್ಲಿ ಊರು ಬಿಡುವ ಅವಸರದವರು ಬೆಲೆ ಇಳಿಸುತ್ತಾರೆ ನಿಜ. ಆದರೆ ಕೊಂಡ ಮರುವಾರವೇ ಮಳೆ ಹಿಡಿದು ಸೈಕಲ್ ನಾಲ್ಕು ತಿಂಗಳು ಮೂಲೆ ಸೇರಿದರೆ, ಖಾಲಿ ಬ್ಯಾಟರಿ ಮತ್ತೆ ಮೇಲೇಳದಷ್ಟು ಕುಸಿಯಬಹುದು. ಹಾಗೆ ಇಡಲೇಬೇಕಾದರೆ ಅರ್ಧ ಚಾರ್ಜ್ ಮಾಡಿ, ಒಳಗೆ ಒಣ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ನೋಡಬೇಕು. ಅಕ್ಟೋಬರಿನಲ್ಲಿ ಮಾರಾಟಕ್ಕೆ ಬರುವ ಸೈಕಲ್ಲಿಗೆ ಬೆಲೆ ತುಸು ಹೆಚ್ಚಿರಬಹುದು, ಆದರೆ ಅದು ಒಂದು ಮಳೆಗಾಲವನ್ನು ದಾಟಿ ಬಂದಿರುತ್ತದೆ.