ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ ಅದರ ಡಿಸ್ಕ್ ಹುಡುಕಿ

ಯಲಹಂಕ ಹಳೇ ಊರಿನಲ್ಲಿ ನಮಗೆ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. 2000ದ ಆಸುಪಾಸಿನಲ್ಲಿ ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ನಾಲ್ಕು ಪುಟದ ವಾರಪತ್ರಿಕೆ ನಡೆಸುತ್ತಿದ್ದರು. ಅದರಲ್ಲಿ ಕೆರೆಗಳ ಬಗ್ಗೆ ಒಂದು ಸರಣಿ ಬಂದಿತ್ತು. ಯಲಹಂಕ, ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿ ಕೆರೆಗಳ ಕೋಡಿ ಎಲ್ಲಿತ್ತು, ಕಾಲುವೆ ಯಾರ ಹೊಲದ ಅಂಚಿನಲ್ಲಿ ಹೋಗುತ್ತಿತ್ತು ಅಂತ ನೀರಗಂಟಿಗಳನ್ನು ಕೇಳಿ ಬರೆದದ್ದು.

ಆ ನೀರಗಂಟಿಗಳು ಈಗ ಇಲ್ಲ. ಆ ಹೊಲಗಳಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ. ಅಚ್ಚಾದ ಪ್ರತಿಗಳನ್ನು ಗೆದ್ದಲು ತಿಂದಿದೆ. ಉಳಿದಿದ್ದು ಬಿಸ್ಕತ್ ಡಬ್ಬದಲ್ಲಿ 38 ಫ್ಲಾಪಿ.

"ನೀವು ಪೇಪರ್‌ನೋರು, ಹೆಂಗಾದ್ರೂ ಮಾಡಿ ತೆಗೆದುಕೊಡ್ರಪ್ಪ" ಅಂದರು ಮೇಷ್ಟ್ರು.

ಫ್ಲಾಪಿ ನೋಡದ ಹುಡುಗರಿಗೆ ಒಂದು ಮಾತು. ಅಂಗೈಯಗಲದ ಆ ಪ್ಲಾಸ್ಟಿಕ್ ಚೌಕದಲ್ಲಿ ಹಿಡಿಸುವುದು ಬರೀ 1.44 ಎಂಬಿ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋಗೇ ಅದು ಸಾಲದು.

ಯುಎಸ್‌ಬಿ ಫ್ಲಾಪಿ ಡ್ರೈವ್ ತಂದು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆವು. 11 ಫ್ಲಾಪಿ ಬೂಷ್ಟು ಹಿಡಿದು ಓದಲೇ ಇಲ್ಲ. ಓದಿದ 27ರಲ್ಲಿನ ಫೈಲುಗಳೂ ತೆರೆಯಲಿಲ್ಲ. ಕಾರಣ ಎರಡು. ಪುಟ ಕಟ್ಟಿದ್ದು ಪೇಜ್‌ಮೇಕರ್‌ನಲ್ಲಿ. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯದು. ಇನ್ನೊಂದು ಕಾರಣ ಅಕ್ಷರ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್ ಒಳಗೆ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೂ ಮುಂಚೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ.

ಹಾಗಾಗಿ ಮೇಷ್ಟ್ರ ಹಳೇ ಕಂಪ್ಯೂಟರನ್ನೇ ಎಬ್ಬಿಸಬೇಕಾಯಿತು. ಹಾರ್ಡ್ ಡಿಸ್ಕ್ ಸತ್ತಿತ್ತು. ಇನ್ನೊಂದು ಹಳೇ ಹಾರ್ಡ್ ಡಿಸ್ಕ್ ಹಾಕಿ ಎಲ್ಲವನ್ನೂ ಹೊಸದಾಗಿ ತುಂಬಬೇಕು. ಅದಕ್ಕೆ ಡಿಸ್ಕ್‌ಗಳ ಒಂದು ಪೂರ್ತಿ ಸೆಟ್ ಬೇಕು: ಶುರು ಮಾಡಿಸುವ ಬೂಟ್ ಫ್ಲಾಪಿ, ವಿಂಡೋಸ್ 98 ಸಿಡಿ ಮತ್ತು ಅದರ ಕೀ ನಂಬರ್, ಡಿಸ್‌ಪ್ಲೇ ಡ್ರೈವರ್, ಪೇಜ್‌ಮೇಕರ್ ಸಿಡಿ, ಕನ್ನಡ ಸಾಫ್ಟ್‌ವೇರ್. ಒಂದಿಲ್ಲದಿದ್ದರೂ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ.

ವಿಂಡೋಸ್ ಮತ್ತು ಪೇಜ್‌ಮೇಕರ್ ಸಿಡಿ ಮೇಷ್ಟ್ರ ಹತ್ತಿರವೇ ಇದ್ದವು. ಬೂಟ್ ಫ್ಲಾಪಿ ಆರ್.ಟಿ. ನಗರದ ಹಳೇ ಡಿಟಿಪಿಯವರೊಬ್ಬರಲ್ಲಿ ಸಿಕ್ಕಿತು. ಡ್ರೈವರ್ ಸಿಡಿ ಕೊಟ್ಟವರು ಯಶವಂತಪುರದಲ್ಲಿ ಹಿಂದೆ ಸೈಬರ್ ಕೆಫೆ ನಡೆಸುತ್ತಿದ್ದವರು. ಕನ್ನಡ ಸಾಫ್ಟ್‌ವೇರ್‌ಗೆ ಕಂಪ್ಯೂಟರ್ ಹಿಂದುಗಡೆ ಸಿಕ್ಕಿಸುವ ಒಂದು ಲಾಕ್ ಬೇಕಿತ್ತು. ಅದು ಕೊನೆಗೆ ಅಮ್ಮಾವ್ರ ಹೊಲಿಗೆ ಡಬ್ಬದಲ್ಲಿತ್ತು! ಮೂರು ಭಾನುವಾರ ಹಿಡಿಯಿತು.

ಸರಣಿಯ ಒಂಬತ್ತು ಕಂತುಗಳಲ್ಲಿ ಆರು ತೆರೆದವು. ಮೇಷ್ಟ್ರು ಸ್ಕ್ರೀನ್ ಹತ್ತಿರ ಮುಖ ತಂದು ನೀರಗಂಟಿಗಳ ಹೆಸರನ್ನು ಒಂದೊಂದಾಗಿ ಓದಿದರು. ಉಳಿದ ಮೂರು ಕಂತು ಹೋದವು, ಇನ್ನು ಬರುವುದಿಲ್ಲ.

"ಹಳೇದೆಲ್ಲ ಗೂಗಲ್‌ನಲ್ಲಿ ಸಿಗಲ್ವಾ?" ಅಂತ ಕೇಳುವವರಿದ್ದಾರೆ. ವಿಂಡೋಸ್ 98 ಸಿಗಬಹುದು, ಜೊತೆಗೆ ವೈರಸ್ಸೂ ಬರಬಹುದು. ಅದರ ಕಂಪನಿಯೇ 2006ರ ಜುಲೈನಲ್ಲಿ ಅದರ ಕೈಬಿಟ್ಟಿತು. ಆದರೆ ನಮ್ಮೂರ ವಾರಪತ್ರಿಕೆ, ಹಾಲಿನ ಡೇರಿಯ ಲೆಕ್ಕ, ನಾಟಕ ಮಂಡಳಿಯ ಹಸ್ತಪ್ರತಿ ಯಾವ ಗೂಗಲ್‌ನಲ್ಲೂ ಇಲ್ಲ. ಅವು ಇರುವುದು ನಮ್ಮ ಅಟ್ಟದ ಮೇಲೆ.

ಬೇರೆಯವರಿಗೆ ಬುದ್ಧಿ ಹೇಳುವ ಮುಂಚೆ ನಮ್ಮ ತಪ್ಪೂ ಹೇಳಬೇಕು. ಹಿಂದೆ ನಾವು ಕೆಲಸಕ್ಕಿದ್ದ ಪತ್ರಿಕಾ ಕಚೇರಿ ಜಾಗ ಬದಲಿಸಿದಾಗ ಸಿಡಿ, ಫ್ಲಾಪಿಗಳ ಎರಡು ಪೆಟ್ಟಿಗೆಯನ್ನು ನಾವೇ ಗುಜರಿ ಗಾಡಿಗೆ ಎತ್ತಿ ಹಾಕಿದ್ದೆವು. ಅದರಲ್ಲಿ ಏನಿತ್ತು ಅಂತ ನೋಡಲೂ ಇಲ್ಲ.

ಅದಕ್ಕೇ ನಮ್ಮ ಅಭಿಪ್ರಾಯ ಇಷ್ಟು. ಹಳೇ ಫೈಲಿನಷ್ಟೇ ಅದನ್ನು ತೆರೆಯುವ ಡಿಸ್ಕೂ ದಾಖಲೆಯೇ. ಕಡತ ಇಟ್ಟುಕೊಂಡು ಬೀರುವಿನ ಬೀಗದ ಕೈ ಎಸೆದರೆ ಏನು ಪ್ರಯೋಜನ? ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಿಗೆ ಸರ್ಕಾರ ಹೊಸ ಕಂಪ್ಯೂಟರ್ ಕೊಡುತ್ತಿದೆ, ಒಳ್ಳೆಯದು. ಜೊತೆಗೆ ತಾಲ್ಲೂಕಿಗೆ ಒಂದು ಕೇಂದ್ರದಲ್ಲಾದರೂ ನಡೆಯುವ ಹಳೇ ಕಂಪ್ಯೂಟರ್ ಒಂದು, ಅದರ ಪೂರ್ತಿ ಡಿಸ್ಕ್ ಸೆಟ್ ಒಂದು ಇರಲಿ. ಜನ ತಮ್ಮ ಫ್ಲಾಪಿ ತಂದು ತೆಗೆಸಿಕೊಳ್ಳಲಿ.

ಅಲ್ಲಿವರೆಗೆ ನೀವು ಮಾಡಬಹುದಾದದ್ದು ಇಷ್ಟಿದೆ.

ಅಟ್ಟದ ಮೇಲಿನ ಫ್ಲಾಪಿ, ಸಿಡಿ, ಲಾಕ್, ಕೀ ನಂಬರ್ ಬರೆದ ಚೀಟಿ ಎಲ್ಲವನ್ನೂ ಒಂದೇ ಡಬ್ಬಕ್ಕೆ ಹಾಕಿ. ಸ್ಪೀಕರ್, ಅಯಸ್ಕಾಂತದ ಹತ್ತಿರ ಇಡಬೇಡಿ.

ಫ್ಲಾಪಿ ಡ್ರೈವ್‌ಗೆ ಹಾಕುವ ಮುಂಚೆ ಅದರ ಮೂಲೆಯ ಪುಟ್ಟ ಗುಂಡಿ ಸರಿಸಿ ಕಿಂಡಿ ತೆರೆದಿಡಿ. ಆಗ ತಪ್ಪಿಯೂ ಅದರಲ್ಲಿದ್ದದ್ದು ಅಳಿಯುವುದಿಲ್ಲ.

ಅಸಲಿ ಡಿಸ್ಕ್ ಇದ್ದವರು ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಹಾಳಾದರೆ ಬೇಕಾಗುತ್ತದೆ ಅಂತ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನೇ ಅವಕಾಶ ಕೊಡುತ್ತದೆ.

ಹಳೇ ನುಡಿ, ಬರಹದಲ್ಲಿ ಟೈಪ್ ಮಾಡಿದ್ದಾದರೆ ಯೂನಿಕೋಡ್‌ಗೆ ಬದಲಿಸಲು ಪರಿವರ್ತಕಗಳಿವೆ. ಇವತ್ತೇ ಬದಲಿಸಿ. ಮೇಷ್ಟ್ರ ಸಾಫ್ಟ್‌ವೇರ್‌ಗೆ ಅಂಥದ್ದು ನಮಗೆ ಸಿಗಲಿಲ್ಲ. ಆರು ಕಂತನ್ನೂ ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಿದ್ದೇವೆ. ಮೊದಲನೆಯದು ಜಕ್ಕೂರು ಕೆರೆಯದು. ನಿನ್ನೆ ರಾತ್ರಿ ಮುಗಿಯಿತು.