ಗೇರ್‌ಬಾಕ್ಸ್ ಇಳಿಸುವುದು ಕೊನೆಯ ಕೆಲಸ

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ ಇಟ್ಟುಕೊಂಡಿರುವ ಕನ್ನಡಿಗರಿಗೆ ನಾನು ಹೇಳುತ್ತಾ ಬಂದಿರುವುದು ಒಂದೇ ಮಾತು: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತೊಂದರೆ ಕೊಟ್ಟರೆ ಮೊದಲು ಪರೀಕ್ಷೆ, ಆಮೇಲೆ ರಿಪೇರಿ. ಈ ಮಾತಿಗೆ ಗ್ಯಾರೇಜಿನವರಿಂದಲೂ ಸ್ನೇಹಿತರಿಂದಲೂ ಸಾಕಷ್ಟು ಆಕ್ಷೇಪ ಬಂದಿದೆ. ಆಕ್ಷೇಪಿಸಿದವರಲ್ಲಿ ನನಗಿಂತ ಹೆಚ್ಚು ಗೇರ್‌ಬಾಕ್ಸ್ ಬಿಚ್ಚಿದವರೂ ಇದ್ದಾರೆ. ಅವರ ಅನುಭವವನ್ನು ಗೌರವಿಸಿಯೇ ಒಂದೊಂದಕ್ಕೂ ಉತ್ತರ ಕೊಡುತ್ತೇನೆ. ಚರ್ಚೆ ಎಲ್ಲೆಲ್ಲಿಗೋ ಹೋಗದಿರಲೆಂದು ಒಂದೇ ಗೇರ್‌ಬಾಕ್ಸನ್ನು ಮುಂದಿಟ್ಟುಕೊಂಡಿದ್ದೇನೆ: ಜನರಲ್ ಮೋಟರ್ಸ್ ಕಂಪನಿ 1993ರಿಂದ ತನ್ನ ಪಿಕಪ್‌ಗಳಿಗೆ ಹಾಕಿದ 4ಎಲ್60-ಇ. 1982ರಲ್ಲಿ ಬಂದ 700ಆರ್4 ಇದರ ಮೂಲ. ಮುಂದಕ್ಕೆ ನಾಲ್ಕು ಗೇರು. ಅವನ್ನು ಬದಲಿಸುವುದು ಕಂಪ್ಯೂಟರಿನ ಅಪ್ಪಣೆಯಂತೆ.

ಮೊದಲ ಆಕ್ಷೇಪ: "ಸ್ಲಿಪ್ ಆಯಿತೆಂದರೆ ಕ್ಲಚ್ ಹೋಯಿತೆಂದೇ ಅರ್ಥ. ಇಳಿಸಿ ಪೂರ್ತಿ ಮಾಡಿಸಿಬಿಡಿ."

ಊರಿನ ಲಾರಿಗಳನ್ನು ನೋಡಿ ಬೆಳೆದವರಿಗೆ ಹೀಗನ್ನಿಸುವುದು ಸಹಜ. ಅಲ್ಲಿ ಇರುವುದೊಂದು ಕ್ಲಚ್. ಅದು ಸವೆದರೆ ಬದಲಿಸಬೇಕು, ಮುಗಿಯಿತು. 4ಎಲ್60-ಇ ಒಳಗೆ ಐದು ಕ್ಲಚ್ ಗುಂಪುಗಳಿವೆ, ಒಂದು ಬ್ಯಾಂಡ್ ಇದೆ. ಎಲ್ಲವನ್ನೂ ಒತ್ತಿ ಹಿಡಿಯುವುದು ಆಯಿಲ್ ಪ್ರೆಷರ್. ಆಯಿಲ್ ಕಡಿಮೆಯಾದರೆ ತಿರುವಿನಲ್ಲೋ ಏರಿನಲ್ಲೋ ಪಂಪು ಗಾಳಿ ಎಳೆಯುತ್ತದೆ, ಪ್ರೆಷರ್ ಬೀಳುತ್ತದೆ, ಚೆನ್ನಾಗಿರುವ ಕ್ಲಚ್ಚೂ ಜಾರುತ್ತದೆ. ಆಯಿಲ್ ಹೆಚ್ಚಾದರೂ ತೊಂದರೆಯೇ. ನೊರೆಯೆದ್ದು ಅದೇ ಲಕ್ಷಣ ಕಾಣಿಸುತ್ತದೆ.

ಆದ್ದರಿಂದ ಡಿಪ್‌ಸ್ಟಿಕ್ ಎಳೆಯದೆ ತೀರ್ಪು ಕೊಡುವುದು ತಪ್ಪು. ಅದನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಗಾಡಿ ಓಡಿ ಆಯಿಲ್ ಬಿಸಿಯಾಗಿರಬೇಕು, ನೆಲ ಸಮತಟ್ಟಾಗಿರಬೇಕು, ಎಂಜಿನ್ ಐಡಲ್‌ನಲ್ಲಿ ಓಡುತ್ತಿರಬೇಕು, ಲಿವರ್ ಪಾರ್ಕ್‌ನಲ್ಲಿರಬೇಕು. ಎಂಜಿನ್ ಆರಿಸಿ ನೋಡಿದರೆ ಮಟ್ಟ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಕೊರತೆ ಗೊತ್ತೇ ಆಗುವುದಿಲ್ಲ. ಜೊತೆಗೆ ಒಂದು ಬಿಳಿ ಬಟ್ಟೆಗೆ ಒರೆಸಿ ಬಣ್ಣ ನೋಡಿ, ಮೂಸಿ. ಕೆಂಪಾಗಿ ತಿಳಿಯಾಗಿದ್ದರೆ ಒಳ್ಳೆಯದು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಬೆಂದಿದೆ. ಸ್ಟ್ರಾಬೆರಿ ಹಾಕಿದ ಹಾಲಿನಂತೆ ಕಂಡರೆ ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ತೂತಾಗಿ ಕೂಲೆಂಟ್ ಬೆರೆತಿದೆ. ಈ ಮೂರನೆಯ ಸ್ಥಿತಿಯಲ್ಲಿ ಆಕ್ಷೇಪಿಸಿದವರ ಮಾತು ಸರಿ: ನೀರು ಸೇರಿದರೆ ಕ್ಲಚ್ ಪ್ಲೇಟಿನ ಮೇಲ್ಪದರದ ಅಂಟು ಬಿಡುತ್ತದೆ, ಬರೀ ಆಯಿಲ್ ಬದಲಿಸಿದರೆ ಸಾಲದು.

ಎರಡನೆಯದು: "ಯಾವ ಭಾಗ ಹೋಗಿದೆಯೆಂದು ಹೊರಗಿನಿಂದ ತಿಳಿಯುವುದು ಅಸಾಧ್ಯ."

ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಯಾವ ಗೇರ್ ಬೀಳುತ್ತದೆ, ಯಾವುದು ಬೀಳುವುದಿಲ್ಲ ಎಂದು ಖಾಲಿ ರಸ್ತೆಯಲ್ಲಿ ಓಡಿಸಿ ಬರೆದಿಟ್ಟುಕೊಂಡರೆ ಅರ್ಧ ಉತ್ತರ ಸಿಕ್ಕ ಹಾಗೆ. ಮೊದಲ ಎರಡು ಗೇರು, ರಿವರ್ಸ್ ಸರಿಯಿದ್ದು ಮೂರು ಮತ್ತು ನಾಲ್ಕು ಹೋಗಿದ್ದರೆ 3-4 ಕ್ಲಚ್ ಸುಟ್ಟಿದೆ. ಈ ಗೇರ್‌ಬಾಕ್ಸಿನಲ್ಲಿ ಹೆಚ್ಚಾಗಿ ಸಾಯುವ ಭಾಗವೇ ಅದು. ರಿವರ್ಸ್ ಇದ್ದು ಎರಡು ಮತ್ತು ನಾಲ್ಕು ಮಾತ್ರ ಇಲ್ಲದಿದ್ದರೆ 2-4 ಬ್ಯಾಂಡಿನ ಕಡೆ ನೋಡಬೇಕು. ಎರಡು, ನಾಲ್ಕರ ಜೊತೆ ರಿವರ್ಸೂ ಹೋಗಿ ಒಂದು, ಮೂರು ಮಾತ್ರ ಉಳಿದಿದ್ದರೆ ಸನ್ ಶೆಲ್ ಎಂಬ ಉಕ್ಕಿನ ಬಟ್ಟಲಿನ ಹಲ್ಲು ಸವೆದಿದೆ ಅಥವಾ ಬಟ್ಟಲೇ ಒಡೆದಿದೆ.

ಇನ್ನೊಂದು ಲಕ್ಷಣವಿದೆ, ಅದು ಬಹಳ ಜನರ ಹಣ ಉಳಿಸಬಲ್ಲದು. ಡ್ರೈವ್‌ಗೆ ಹಾಕಿದರೆ ಗಾಡಿ ಏದುತ್ತಾ ಮೂರನೇ ಗೇರಿನಲ್ಲೇ ಹೊರಡುತ್ತದೆ, ಗೇರ್ ಬದಲಾಗುವುದೇ ಇಲ್ಲ, ಆದರೆ ರಿವರ್ಸ್ ಸರಿಯಾಗಿದೆ. ಈ ಗೇರ್‌ಬಾಕ್ಸಿನಲ್ಲಿ ಗೇರನ್ನು ನಿರ್ಧರಿಸುವುದು ಎರಡು ಶಿಫ್ಟ್ ಸಾಲಿನಾಯ್ಡ್‌ಗಳು. ಎರಡಕ್ಕೂ ಕರೆಂಟ್ ಇಲ್ಲದಿದ್ದಾಗ ಬೀಳುವುದು ಮೂರನೇ ಗೇರು. ಅಂದರೆ ಮೊದಲು ನೋಡಬೇಕಾದದ್ದು ಫ್ಯೂಸು ಮತ್ತು ಗೇರ್‌ಬಾಕ್ಸಿಗೆ ಹೋಗುವ ವೈರಿಂಗ್ ಕನೆಕ್ಟರು. ಒಂದು ಫ್ಯೂಸಿಗಾಗಿ ಗೇರ್‌ಬಾಕ್ಸ್ ಇಳಿಸುವುದು ಅನ್ಯಾಯ.

ಮೂರನೆಯದು: "ಗೇರ್ ಧಡ್ ಎಂದು ಬಿದ್ದರೆ ಒಳಗೆ ಮುರಿದಿದೆ ಎಂದೇ ಲೆಕ್ಕ."

ತೊಂಬತ್ತರ ದಶಕದ ಈ ಪಿಕಪ್‌ಗಳಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ಹೀಗೆ ಹೊಡೆತ ಬಿದ್ದರೆ ನಾನು ಮೊದಲು ಹುಡುಕುವುದು ಪಿ1870 ಎಂಬ ಕೋಡನ್ನು. ಟಾರ್ಕ್ ಕನ್ವರ್ಟರಿನ ಲಾಕ್ಅಪ್ ಕ್ಲಚ್ಚಿಗೆ ಆಯಿಲ್ ಬಿಡುವ ವಾಲ್ವ್ ಒಂದು ಅಲ್ಯೂಮಿನಿಯಂ ಕೊರೆತದೊಳಗೆ ಸದಾ ಹಿಂದೆ ಮುಂದೆ ಆಡುತ್ತಿರುತ್ತದೆ. ವರ್ಷಗಳಲ್ಲಿ ಕೊರೆತ ಸವೆದು ಆಯಿಲ್ ಸೋರುತ್ತದೆ, ಲಾಕ್ಅಪ್ ಜಾರುತ್ತದೆ. ಕಂಪ್ಯೂಟರ್ ಅದನ್ನು ಗಮನಿಸಿ, ಕ್ಲಚ್‌ಗಳು ಸುಡದಿರಲೆಂದು ಪ್ರೆಷರನ್ನು ಗರಿಷ್ಠಕ್ಕೆ ಏರಿಸುತ್ತದೆ. ನಮಗೆ ಕೇಳಿಸುವ ಆ ಹೊಡೆತ ಇದರ ಫಲ. ಇದರ ರಿಪೇರಿ ವಾಲ್ವ್ ಬಾಡಿಯಲ್ಲಿ. ಕೆಳಗಿನ ತಟ್ಟೆ ಬಿಚ್ಚಿದರೆ ಅದು ಕೈಗೆ ಸಿಗುತ್ತದೆ, ಗೇರ್‌ಬಾಕ್ಸ್ ಗಾಡಿಯಲ್ಲೇ ಇರುತ್ತದೆ. ಬಹುಕಾಲ ಹಾಗೆಯೇ ಓಡಿಸಿದ್ದರೆ ಕನ್ವರ್ಟರೂ ಕೆಟ್ಟಿರಬಹುದು, ಆಗ ಇಳಿಸಲೇಬೇಕು. ಆದರೆ ಅದು ಎರಡನೆಯ ಹೆಜ್ಜೆ.

ನಾಲ್ಕನೆಯದು ಎದುರು ದಿಕ್ಕಿನಿಂದ ಬಂದದ್ದು: "ಸ್ಕ್ಯಾನರ್ ಹಾಕಿದರೆ ಎಲ್ಲವನ್ನೂ ಅದೇ ಹೇಳುತ್ತದೆ."

1996ರಿಂದ ಅಮೆರಿಕದಲ್ಲಿ ಮಾರಾಟವಾದ ಕಾರು, ಲಘು ಟ್ರಕ್‌ಗಳಿಗೆಲ್ಲ ಒಂದೇ ಬಗೆಯ ಸ್ಕ್ಯಾನರ್ ಸಾಕೆಂಬುದು ದೊಡ್ಡ ಅನುಕೂಲ. ಕೋಡ್ ದಾರಿ ತೋರಿಸುತ್ತದೆ, ಅಷ್ಟೇ. ಥ್ರಾಟಲ್ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿದ್ದರೆ ಗೇರು ಹೊತ್ತಲ್ಲದ ಹೊತ್ತಿಗೆ ಬದಲಾಗುತ್ತದೆ. ಬ್ರೇಕ್ ಸ್ವಿಚ್ ಕೆಟ್ಟಿದ್ದರೆ ಲಾಕ್ಅಪ್ ಹಿಡಿಯುವುದೇ ಇಲ್ಲ. ಎರಡೂ ಗೇರ್‌ಬಾಕ್ಸಿನ ಹೊರಗಿನ ದೋಷಗಳು. ಕೊನೆಯ ಸಾಕ್ಷಿ ಪ್ರೆಷರ್ ಗೇಜಿನದು. ಗೇರ್‌ಬಾಕ್ಸಿನ ಪಕ್ಕದಲ್ಲಿ ಅದಕ್ಕೆಂದೇ ಒಂದು ಪ್ಲಗ್ ಇದೆ. ಪ್ರೆಷರ್ ಕಡಿಮೆಯಿದ್ದರೆ ಫಿಲ್ಟರ್, ಪಂಪ್, ರೆಗ್ಯುಲೇಟರ್ ನೋಡಿ. ಪ್ರೆಷರ್ ಸರಿಯಿದ್ದೂ ಸ್ಲಿಪ್ ಆದರೆ ಕ್ಲಚ್ ಸವೆದಿರುವ ಸಾಧ್ಯತೆಯೇ ಹೆಚ್ಚು.

ಐದನೆಯದು: "ಹಳೆಯ ಆಯಿಲನ್ನು ಮುಟ್ಟಬಾರದು, ಬದಲಿಸಿದರೆ ಗೇರ್‌ಬಾಕ್ಸ್ ಸಾಯುತ್ತದೆ."

ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಪೂರ್ತಿ ಸವೆದ ಕ್ಲಚ್ ಕೆಲವೊಮ್ಮೆ ಹಳೆಯ ಆಯಿಲಿನ ಪುಡಿಯ ಹಿಡಿತದಲ್ಲೇ ಓಡುತ್ತಿರುತ್ತದೆ. ಅಂಥ ಗೇರ್‌ಬಾಕ್ಸ್ ಆಯಿಲ್ ಬದಲಿಸುವ ಮೊದಲೇ ಸತ್ತಿತ್ತು. ಮೆಷಿನ್ನಿನಿಂದ ಒತ್ತಡ ಹಾಕಿ ತೊಳೆಯುವುದನ್ನು ನಾನೂ ಬೇಡವೆನ್ನುತ್ತೇನೆ. ತಟ್ಟೆ ಬಿಚ್ಚಿ ಫಿಲ್ಟರ್ ಬದಲಿಸಿದರೆ ಸುಮಾರು ಐದು ಲೀಟರ್, ಅಂದರೆ ಒಟ್ಟು ಆಯಿಲಿನ ಅರ್ಧದಷ್ಟು ಮಾತ್ರ ಹೋಗುತ್ತದೆ. ತಟ್ಟೆಯೊಳಗಿನ ಅಯಸ್ಕಾಂತ ಆಗ ಸಾಕ್ಷಿ ಹೇಳುತ್ತದೆ. ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಸಹಜ ಸವೆತ. ಉಕ್ಕಿನ ಚೂರು ಸಿಕ್ಕರೆ, ತಟ್ಟೆಯಲ್ಲಿ ಹಿತ್ತಾಳೆ ಬಣ್ಣದ ತುಣುಕು ಕಂಡರೆ, ಒಳಗೆ ಗಟ್ಟಿ ಭಾಗವೊಂದು ಹೋಗುತ್ತಿದೆ.

ಕೊನೆಯದು: "ಹೇಗಿದ್ದರೂ ಪೂರ್ತಿ ಮಾಡಿಸಬೇಕಾದೀತು, ಪರೀಕ್ಷೆಗೆ ಖರ್ಚೇಕೆ?"

ಮಾಡಿಸಬೇಕಾಗಿ ಬಂದರೂ ಪರೀಕ್ಷೆ ಬೇಕು. ಕೂಲರ್ ಪೈಪಿನಲ್ಲಿ ಕಸ ಕಟ್ಟಿಕೊಂಡು ಹಳೆಯ ಗೇರ್‌ಬಾಕ್ಸ್ ಸುಟ್ಟಿದ್ದರೆ, ಅದೇ ಪೈಪಿಗೆ ಸೇರಿಸಿದ ಹೊಸದೂ ಸುಡುತ್ತದೆ. 700ಆರ್4 ಇರುವ ಗಾಡಿಗಳಲ್ಲಿ ಥ್ರಾಟಲ್ ಕೇಬಲ್ ಸಡಿಲವಿದ್ದರೆ ಪ್ರೆಷರ್ ಸಾಲದೆ ಹೊಸ 3-4 ಕ್ಲಚ್ ಬೇಗನೆ ಬೂದಿಯಾಗುತ್ತದೆ. ಏಕೆ ಕೆಟ್ಟಿತೆಂದು ತಿಳಿಯದೆ ಮಾಡಿದ ರಿಪೇರಿಗೆ ಎರಡು ಸಲ ಹಣ ತೆರಬೇಕಾಗುತ್ತದೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಗ್ಯಾರೇಜಿನವರನ್ನು ನಾಲ್ಕು ಪ್ರಶ್ನೆ ಕೇಳಿ: ಬಿಸಿಯಲ್ಲಿ ಆಯಿಲ್ ಮಟ್ಟ ಎಷ್ಟಿತ್ತು, ಬಣ್ಣ ಹೇಗಿತ್ತು? ಯಾವ ಕೋಡ್ ಬಂತು? ಯಾವ ಗೇರು ಬೀಳುತ್ತಿಲ್ಲ? ಪ್ರೆಷರ್ ಎಷ್ಟು ತೋರಿಸಿತು? ಈ ನಾಲ್ಕಕ್ಕೆ ಉತ್ತರ ಬರೆದು ಕೊಡುವವರೆಗೆ ಗೇರ್‌ಬಾಕ್ಸ್ ಇಳಿಸಲು ಒಪ್ಪಿಗೆ ಕೊಡಬೇಡಿ.